ಅನಿಲದೊಳಗಿನ ಎಲೆಕ್ಟ್ರಾನ್: ಹಿಂಡಿನ ಸಾಕ್ಷ್ಯ ಮತ್ತು ಅದರ ಮಿತಿ

ಉರಿಯುತ್ತಿರುವ ಟ್ಯೂಬ್‌ಲೈಟಿನ ಗಾಜು ಕೈಗೆ ಬೆಚ್ಚಗೆ ತಾಗುತ್ತದೆ, ಅಷ್ಟೆ. ಒಳಗಿನ ಆರ್ಗಾನ್ ಅನಿಲವೂ ಪಾದರಸದ ಆವಿಯೂ ಹೆಚ್ಚುಕಡಿಮೆ ಅಷ್ಟೇ ಬೆಚ್ಚಗಿರುತ್ತವೆ. ಅದೇ ಕೊಳವೆಯಲ್ಲಿ ಓಡಾಡುತ್ತಿರುವ ಎಲೆಕ್ಟ್ರಾನುಗಳ ತಾಪ ಮಾತ್ರ 11,000 ಕೆಲ್ವಿನ್ ಆಸುಪಾಸಿನದು, ಸೂರ್ಯನ ಮೇಲ್ಮೈಯ ಸುಮಾರು ಎರಡು ಪಟ್ಟು. ಒಂದೇ ಜಾಗದಲ್ಲಿ ಎರಡು ತಾಪಗಳು ಉಳಿದುಕೊಳ್ಳುವುದಕ್ಕೆ ಕಾರಣ ತೂಕದ ಅಂತರ. ಆರ್ಗಾನ್ ಪರಮಾಣು ಎಲೆಕ್ಟ್ರಾನಿಗಿಂತ ಸುಮಾರು 73,000 ಪಟ್ಟು ಭಾರ. ಅದಕ್ಕೆ ಬಡಿದು ಪುಟಿಯುವ ಎಲೆಕ್ಟ್ರಾನ್ ತನ್ನ ಶಕ್ತಿಯಲ್ಲಿ ಸರಾಸರಿ 36,000ದಲ್ಲಿ ಒಂದು ಪಾಲನ್ನಷ್ಟೇ ಬಿಟ್ಟುಕೊಡುತ್ತದೆ. ವಿದ್ಯುತ್ ಕ್ಷೇತ್ರ ಎಲೆಕ್ಟ್ರಾನಿಗೆ ಶಕ್ತಿ ತುಂಬುತ್ತಲೇ ಇರುತ್ತದೆ, ಎಲೆಕ್ಟ್ರಾನಿಗೆ ಅದನ್ನು ಅನಿಲಕ್ಕೆ ದಾಟಿಸಲು ಆಗುವುದಿಲ್ಲ. 4.9 ಎಲೆಕ್ಟ್ರಾನ್ ವೋಲ್ಟ್ ಕೂಡಿಬಂದು ಪಾದರಸದ ಪರಮಾಣುವನ್ನು ಉದ್ರೇಕಿಸಲು ಸಾಧ್ಯವಾದಾಗಲೇ ಅದರ ಹೊರೆ ಇಳಿಯುವುದು. ಆ ಪರಮಾಣು 254 ನ್ಯಾನೊಮೀಟರಿನ ಅತಿನೇರಳೆ ಬೆಳಕನ್ನು ಉಗುಳುತ್ತದೆ, ಗಾಜಿನ ಒಳಮೈಗೆ ಹಚ್ಚಿದ ಪುಡಿ ಅದನ್ನು ಕಣ್ಣಿಗೆ ಕಾಣುವ ಬೆಳಕಾಗಿಸುತ್ತದೆ. ಕೊಳವೆಗೆ ಹೋಗುವ ವಿದ್ಯುತ್ತಿನ ಅರ್ಧಕ್ಕಿಂತ ಹೆಚ್ಚು ಪಾಲು ಈ ಒಂದೇ ದಾರಿಯಲ್ಲಿ ಹೊರಬರುತ್ತದೆ. ಟ್ಯೂಬ್‌ಲೈಟಿನಿಂದ ಹಿಡಿದು ಚಿಪ್ ತಯಾರಿಕೆಯಲ್ಲಿ ಸಿಲಿಕಾನ್ ಕೊರೆಯುವ ಪ್ಲಾಸ್ಮಾದವರೆಗೆ, ಲೇಸರಿನಿಂದ ಮಿಂಚಿನವರೆಗೆ, ಎಲ್ಲ ಲೆಕ್ಕವೂ ಇಂಥ ಡಿಕ್ಕಿಗಳ ಲೆಕ್ಕವೇ.

ಯಾವ ಡಿಕ್ಕಿ ಎಷ್ಟು ಸಲ ಆದೀತು ಎಂಬುದನ್ನು ಭೌತವಿಜ್ಞಾನಿಗಳು ಅಡ್ಡಕೊಯ್ತದ ಮೂಲಕ ಹೇಳುತ್ತಾರೆ: ಬರುತ್ತಿರುವ ಎಲೆಕ್ಟ್ರಾನಿಗೆ ಆ ಅಣು ಎಷ್ಟು ಅಗಲದ ಗುರಿಯಾಗಿ ತೋರುತ್ತದೆ ಎಂಬ ಅಳತೆ. ಪುಟಿಯುವುದಕ್ಕೊಂದು, ಅಣುವನ್ನು ತಿರುಗಿಸುವುದಕ್ಕೊಂದು, ಕಂಪಿಸುವುದಕ್ಕೊಂದು, ಉದ್ರೇಕಿಸುವುದಕ್ಕೊಂದು, ಅಯಾನೀಕರಿಸುವುದಕ್ಕೊಂದು, ಹೀಗೆ ಪ್ರತಿ ಬಗೆಯ ಡಿಕ್ಕಿಗೂ ಬೇರೆ ಬೇರೆ ಅಡ್ಡಕೊಯ್ತಗಳಿವೆ. ಪ್ರತಿಯೊಂದೂ ಎಲೆಕ್ಟ್ರಾನಿನ ಶಕ್ತಿಗೆ ತಕ್ಕಂತೆ ಬದಲಾಗುತ್ತದೆ. ಪ್ಲಾಸ್ಮಾದ ಮಾದರಿ ಕಟ್ಟುವವರು ಒಂದು ಅನಿಲಕ್ಕೆ ಇವೆಲ್ಲವನ್ನೂ ಒಟ್ಟುಗೂಡಿಸಿ ಒಂದು ಕಟ್ಟಾಗಿ ಇಟ್ಟುಕೊಳ್ಳುತ್ತಾರೆ. ಈ ಉಪನ್ಯಾಸದಲ್ಲಿ ನಾನು ಒಂದೇ ಮಾತನ್ನು ಸಾಧಿಸಹೊರಟಿದ್ದೇನೆ. ಅಂಥ ಕಟ್ಟು ಬಿಡಿ ಬಿಡಿ ಅಳತೆಗಳ ಗಂಟಲ್ಲ. ಅದರ ಭಾಗಗಳು ಒಂದರ ದೋಷವನ್ನು ಇನ್ನೊಂದು ಹೊತ್ತುಕೊಂಡು ನಿಂತಿರುತ್ತವೆ. ಆದ್ದರಿಂದ ಒಟ್ಟು ಫಲಿತಾಂಶ ಪ್ರಯೋಗಕ್ಕೆ ಹೊಂದಿತು ಎಂದಮಾತ್ರಕ್ಕೆ ಭಾಗಗಳು ನಿಜವಾಗುವುದಿಲ್ಲ. ಪ್ರತಿ ಭಾಗಕ್ಕೂ ಅತ್ಯುತ್ತಮವಾದುದನ್ನು ಬೇರೆ ಬೇರೆ ಕಡೆಯಿಂದ ಆರಿಸಿ ತಂದರೆ ಅತ್ಯುತ್ತಮ ಕಟ್ಟೂ ಆಗುವುದಿಲ್ಲ. ಎರಡನೆಯ ಮಾತು ಮೊದಲ ನೋಟಕ್ಕೆ ವಿಚಿತ್ರವೆನಿಸಬಹುದು.

ಅಡ್ಡಕೊಯ್ತವನ್ನು ಅಣುವಿನ ಗಾತ್ರ ಎಂದುಕೊಳ್ಳುವ ಅಭ್ಯಾಸವನ್ನು ಮೊದಲು ಬಿಡಬೇಕು. 1921ರಲ್ಲಿ ಜರ್ಮನಿಯ ಕಾರ್ಲ್ ರಾಮ್ಸೌವರ್ ನಿಧಾನಗತಿಯ ಎಲೆಕ್ಟ್ರಾನುಗಳ ದೂಲವನ್ನು ಕಾಂತಕ್ಷೇತ್ರದಿಂದ ಬಾಗಿಸಿ ಅನಿಲದ ಮೂಲಕ ಹಾಯಿಸಿದ. ಎಲೆಕ್ಟ್ರಾನಿನ ವೇಗ ತಗ್ಗಿದಂತೆ ಆರ್ಗಾನ್ ಪರಮಾಣು ಹೆಚ್ಚುಹೆಚ್ಚು ಪಾರದರ್ಶಕವಾಗುತ್ತಾ ಹೋಯಿತು. ಸುಮಾರು 0.3 ಎಲೆಕ್ಟ್ರಾನ್ ವೋಲ್ಟಿನ ಬಳಿ ಅದರ ಅಡ್ಡಕೊಯ್ತ, 10 ಎಲೆಕ್ಟ್ರಾನ್ ವೋಲ್ಟಿನ ಆಸುಪಾಸಿನಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಕಿರಿದು. ಅದೇ ಹೊತ್ತಿಗೆ ಆಕ್ಸ್‌ಫರ್ಡಿನಲ್ಲಿ ಟೌನ್‌ಸೆಂಡ್ ಮತ್ತು ಬೈಲಿ ಬೇರೆಯದೇ ದಾರಿಯಲ್ಲಿ ಅದೇ ತೀರ್ಮಾನಕ್ಕೆ ಬಂದಿದ್ದರು. ಅವರು ಬಿಡಿ ಎಲೆಕ್ಟ್ರಾನುಗಳನ್ನು ಹಿಂಬಾಲಿಸಲಿಲ್ಲ. ಅನಿಲದಲ್ಲಿ ಕ್ಷೇತ್ರದ ಎಳೆತಕ್ಕೆ ಸಿಕ್ಕು ಸಾಗುವ ಎಲೆಕ್ಟ್ರಾನುಗಳ ಹಿಂಡು ಎಷ್ಟು ಬೇಗ ಮುಂದೆ ಹೋಗುತ್ತದೆ, ಎಷ್ಟು ಅಗಲಕ್ಕೆ ಹರಡುತ್ತದೆ ಎಂದು ನೋಡಿದರು. ಗಟ್ಟಿ ಗೋಲಿಗಳ ಭೌತಶಾಸ್ತ್ರದಲ್ಲಿ ಆರ್ಗಾನಿನ ಈ ಪಾರದರ್ಶಕತೆಗೆ ವಿವರಣೆ ಇರಲಿಲ್ಲ. ಎಲೆಕ್ಟ್ರಾನನ್ನು ಅಲೆಯೆಂದು ಕಂಡ ಮೇಲೆ, ಆ ಶಕ್ತಿಯಲ್ಲಿ ಪರಮಾಣುವನ್ನು ಹಾಯ್ದ ಅಲೆಗೂ ಹಾಯದ ಅಲೆಗೂ ದೂರದಿಂದ ನೋಡಿದರೆ ಭೇದವೇ ಉಳಿಯುವುದಿಲ್ಲ ಎಂಬುದು ತಿಳಿಯಿತು. ಹೀಲಿಯಮ್ ಮತ್ತು ನಿಯಾನ್‌ಗಳಲ್ಲಿ ಇಂಥ ಕಣಿವೆ ಇಲ್ಲ. ಕ್ವಾಂಟಮ್ ಚರಿತ್ರೆಯಲ್ಲಿ ಫ್ರಾಂಕ್ ಮತ್ತು ಹರ್ಟ್ಸ್‌ರ 1914ರ ಪ್ರಯೋಗಕ್ಕೆ ಸಿಕ್ಕ ಖ್ಯಾತಿ ಈ ಕಣಿವೆಯ ಶೋಧಕ್ಕೆ ಸಿಗಲಿಲ್ಲ. ನನ್ನ ದೃಷ್ಟಿಯಲ್ಲಿ ಅದು ಅನ್ಯಾಯ. ಈ ವಿಷಯವನ್ನು ಇಂದಿಗೂ ಹಂಚಿಕೊಂಡಿರುವ ಎರಡು ವಿಧಾನಗಳು, ದೂಲ ಮತ್ತು ಹಿಂಡು, ಒಟ್ಟಿಗೆ ಅಂಗಳಕ್ಕಿಳಿದದ್ದು ಇಲ್ಲಿಯೇ.

ಪರಮಾಣುವಿನಿಂದ ಅಣುವಿಗೆ ಬಂದರೆ ಚಿತ್ರ ಇನ್ನೂ ತುಂಬಿಕೊಳ್ಳುತ್ತದೆ. ಸಾರಜನಕದ ಅಣುವನ್ನು ಒಂದು ಮೆಟ್ಟಿಲು ಕಂಪಿಸಲು 0.29 ಎಲೆಕ್ಟ್ರಾನ್ ವೋಲ್ಟ್ ಸಾಕು. ಮೊದಲ ಉದ್ರೇಕಕ್ಕೆ 6.2, ಅಯಾನೀಕರಣಕ್ಕೆ 15.6 ಬೇಕು. ಸುಮಾರು 2.3 ಎಲೆಕ್ಟ್ರಾನ್ ವೋಲ್ಟಿನ ಬಳಿ ಬಂದ ಎಲೆಕ್ಟ್ರಾನ್ ಅಣುವಿನಲ್ಲಿ ಕ್ಷಣಕಾಲ ಸಿಕ್ಕಿಕೊಂಡು ಋಣ ಅಯಾನಿನಂಥ ಒಂದು ಅಲ್ಪಾಯುಷಿ ಸ್ಥಿತಿ ಉಂಟಾಗುತ್ತದೆ. ಅದು ಬಿಚ್ಚಿಕೊಳ್ಳುವಾಗ ಅಣು ಜೋರಾಗಿ ಕಂಪಿಸತೊಡಗಿರುತ್ತದೆ. 1960ರ ದಶಕದ ಆರಂಭದಲ್ಲಿ ಜಾರ್ಜ್ ಶುಲ್ಜ್ ಮಾಡಿದ ಅಳತೆಗಳಲ್ಲಿ ಅನುರಣನವೆಂದು ಕರೆಯುವ ಈ ಸ್ಥಿತಿ ಸಾಲು ಸಾಲು ಶಿಖರಗಳಾಗಿ ಕಂಡಿತು. ಈ ಸಾರಜನಕ ಕಂಪನವನ್ನೇ ಬಳಸಿಕೊಂಡು ಅದೇ ದಶಕದಲ್ಲಿ, ಬೆಲ್ ಪ್ರಯೋಗಾಲಯದಲ್ಲಿದ್ದ ಬಾರಾಮತಿ ಮೂಲದ ಸಿ.ಕೆ.ಎನ್. ಪಟೇಲ್ ತಮ್ಮ ಕಾರ್ಬನ್ ಡೈಆಕ್ಸೈಡ್ ಲೇಸರಿನ ಬಲವನ್ನು ಹೆಚ್ಚಿಸಿದರು. ಕಂಪಿಸುವ ಸಾರಜನಕದ ಶಕ್ತಿ ಪಕ್ಕದ ಕಾರ್ಬನ್ ಡೈಆಕ್ಸೈಡ್ ಅಣುವಿಗೆ ಸಲೀಸಾಗಿ ದಾಟುತ್ತದೆ. ನಮ್ಮ ವಾದಕ್ಕೆ ಮುಖ್ಯವಾದದ್ದು ಬೇರೆ: ಎಲೆಕ್ಟ್ರಾನುಗಳ ಸರಾಸರಿ ಶಕ್ತಿ ಒಂದೆರಡು ಎಲೆಕ್ಟ್ರಾನ್ ವೋಲ್ಟ್ ಇರುವ ಪ್ಲಾಸ್ಮಾದಲ್ಲಿ ಶಕ್ತಿಯ ಬಹುಪಾಲನ್ನು ಈ ಕಂಪನ ನುಂಗಿಬಿಡುತ್ತದೆ. ಅದನ್ನು ದಾಟಿ 15.6ನ್ನು ಮುಟ್ಟುವವು ಶಕ್ತಿಯ ಹಂಚಿಕೆಯ ಬಾಲದಲ್ಲಿರುವ, ಅಂದರೆ ಅತಿ ಹೆಚ್ಚು ಶಕ್ತಿಯ, ಕೆಲವೇ ಎಲೆಕ್ಟ್ರಾನುಗಳು. ಪ್ಲಾಸ್ಮಾ ಉರಿಯುವುದೋ ಆರುವುದೋ ತೀರ್ಮಾನವಾಗುವುದು ಆ ಕೆಲವರಿಂದ.

ಈಗ ಕಟ್ಟು ಹೇಗೆ ತಯಾರಾಗುತ್ತದೆ ಎಂದು ನೋಡೋಣ. 1962ರಲ್ಲಿ ಫ್ರಾಸ್ಟ್ ಮತ್ತು ಫೆಲ್ಪ್ಸ್ ಜಲಜನಕ ಮತ್ತು ಸಾರಜನಕಗಳಿಗೆ ಮಾಡಿದ ಕೆಲಸ ಇದರ ಮೇಲ್ಪಂಕ್ತಿ. ಒಂದು ಊಹೆಯ ಅಡ್ಡಕೊಯ್ತಗಳಿಂದ ಹೊರಟು, ಬೋಲ್ಟ್ಸ್‌ಮನ್ ಸಮೀಕರಣವನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಎಲೆಕ್ಟ್ರಾನುಗಳ ಶಕ್ತಿಯ ಹಂಚಿಕೆಯನ್ನು ಪಡೆಯಬೇಕು. ಅದರಿಂದ ಹಿಂಡು ಮುಂದೆ ಸಾಗುವ ಡ್ರಿಫ್ಟ್ ವೇಗವನ್ನೂ ಅದು ಹರಡುವ ವಿಸರಣವನ್ನೂ ಲೆಕ್ಕ ಹಾಕಿ ಹಿಂಡಿನ ಪ್ರಯೋಗದ ಅಂಕಿಗಳ ಜೊತೆ ಹೋಲಿಸಬೇಕು. ಹೊಂದದಿದ್ದರೆ ಅಡ್ಡಕೊಯ್ತವನ್ನು ತಿದ್ದಿ ಮತ್ತೆ ಲೆಕ್ಕ ಹಾಕಬೇಕು. ಹಿಂಡಿನ ಪ್ರಯೋಗದ ಹೆಗ್ಗಳಿಕೆ ಅದರ ನಿಖರತೆ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಕ್ರಾಂಪ್ಟನ್ ಮತ್ತು ಸಂಗಡಿಗರು ಹೀಲಿಯಮ್‌ಗೆ ಪಡೆದ ಅಡ್ಡಕೊಯ್ತವನ್ನು ಆಮೇಲೆ ಶುದ್ಧ ಕ್ವಾಂಟಮ್ ಲೆಕ್ಕ ಶೇಕಡ ಒಂದೆರಡರ ಅಂತರದಲ್ಲಿ ಎತ್ತಿಹಿಡಿಯಿತು. ಪ್ರಯೋಗ ಮತ್ತು ಸಿದ್ಧಾಂತ ಅಷ್ಟು ಹತ್ತಿರ ಬರುವುದು ಈ ಕ್ಷೇತ್ರದಲ್ಲಿ ಅಪರೂಪ. ಹೀಲಿಯಮ್‌ನಲ್ಲಿ ಅದು ಸಾಧ್ಯವಾದದ್ದೇಕೆಂದರೆ, 19.8 ಎಲೆಕ್ಟ್ರಾನ್ ವೋಲ್ಟಿನವರೆಗೆ ಅಲ್ಲಿ ಪುಟಿಯುವುದೊಂದೇ ಇರುವ ಡಿಕ್ಕಿ. ಅಪರಿಚಿತ ಒಂದೇ ಇದ್ದಾಗ ಒಂದು ಅಳತೆ ಅದನ್ನು ಹಿಡಿದುಕೊಡುತ್ತದೆ.

ಅಣುಗಳ ವಿಷಯ ಹಾಗಲ್ಲ. ಅಪರಿಚಿತಗಳು ಹತ್ತಾರು, ಸಾಕ್ಷಿಗಳು ಎರಡು ಮೂರು. ಇದನ್ನು ಜಮಾಖರ್ಚಿನ ಪುಸ್ತಕದಂತೆ ನೋಡಬಹುದು. ಕ್ಷೇತ್ರ ಕೊಟ್ಟ ಶಕ್ತಿ ಜಮೆ, ಬಗೆಬಗೆಯ ಡಿಕ್ಕಿಗಳಲ್ಲಿ ಕಳೆದದ್ದು ಖರ್ಚು. ವರ್ಷದ ಕೊನೆಗೆ ಮೊತ್ತ ತಾಳೆಯಾದರೂ ಕಿರಾಣಿಯ ಖರ್ಚನ್ನು ಬಟ್ಟೆಯ ಕಲಮಿನಲ್ಲಿ ಬರೆದಿರಬಹುದು. ಹಾಗೆಯೇ ಕಂಪನದ ಅಡ್ಡಕೊಯ್ತವನ್ನು ತುಸು ಹೆಚ್ಚಿಸಿ, ಉದ್ರೇಕದ್ದನ್ನು ತುಸು ತಗ್ಗಿಸಿದರೆ ಡ್ರಿಫ್ಟ್ ವೇಗ ಅಲುಗಾಡದೆ ಇರಬಹುದು. ಇದು ಬರೀ ತರ್ಕವಲ್ಲ, ಕೆಲಸ ಮಾಡುವವರಿಗೆ ಮೊದಲಿನಿಂದಲೂ ಗೊತ್ತಿದ್ದ ತೊಡಕು. ಅದಕ್ಕೆ ಅವರು ಕಂಡುಕೊಂಡ ಒಂದು ಜಾಣ ಉಪಾಯವೂ ಇದೆ. ಆರ್ಗಾನಿಗೆ ಸ್ವಲ್ಪವೇ ಸಾರಜನಕವನ್ನೋ ಮೀಥೇನನ್ನೋ ಬೆರೆಸಿದರೆ, ಎಲೆಕ್ಟ್ರಾನುಗಳು ಅಣುವಿನ ಕಂಪನಕ್ಕೆ ಶಕ್ತಿ ಕಳೆದುಕೊಂಡು ತಣಿಯುತ್ತವೆ, ತಣಿದು ರಾಮ್ಸೌವರನ ಕಣಿವೆಗೆ ಇಳಿಯುತ್ತವೆ. ಅಲ್ಲಿ ಆರ್ಗಾನ್ ಅಡ್ಡಗಟ್ಟುವುದೇ ಕಡಿಮೆಯಾದ್ದರಿಂದ ಡ್ರಿಫ್ಟ್ ವೇಗ ಹಲವು ಪಟ್ಟು ಏರುತ್ತದೆ. ತಣಿದ ಎಲೆಕ್ಟ್ರಾನ್ ಬಿಸಿಯಾದದ್ದಕ್ಕಿಂತ ಬೇಗ ಮುಂದೆ ಸಾಗುವ ಈ ಸೋಜಿಗವನ್ನು ವಿಕಿರಣ ಶೋಧಕಗಳು ದಿನನಿತ್ಯ ಬಳಸಿಕೊಳ್ಳುತ್ತವೆ. ಅವುಗಳಲ್ಲಿ ತುಂಬುವ ಒಂದು ಪ್ರಸಿದ್ಧ ಮಿಶ್ರಣದಲ್ಲಿ ಆರ್ಗಾನ್ ಶೇಕಡ 90, ಮೀಥೇನ್ 10. ಎಂಗಲ್‌ಹಾರ್ಟ್ ಮತ್ತು ಫೆಲ್ಪ್ಸ್ 1964ರಲ್ಲಿಯೇ ಆರ್ಗಾನ್ ಮತ್ತು ಜಲಜನಕದ ಮಿಶ್ರಣವನ್ನು ಹೀಗೆ ವಿಶ್ಲೇಷಿಸಿದ್ದರು. ಮಿಶ್ರಣವೆಂದರೆ ಅದೇ ಅಣುವಿಗೆ ಹಾಕಿದ ಬೇರೊಂದು ಪ್ರಶ್ನೆ. ಶುದ್ಧ ಅನಿಲದಲ್ಲಿ ಒಂದನ್ನೊಂದು ಮುಚ್ಚಿಕೊಂಡಿದ್ದ ಎರಡು ಖರ್ಚುಗಳು ಅಲ್ಲಿ ಬೇರ್ಪಡುತ್ತವೆ. ಅಪರಿಚಿತಗಳ ಪಟ್ಟಿ ಅದರಿಂದ ಮೊಟಕಾಗುತ್ತದೆ, ಮುಗಿಯುವುದಿಲ್ಲ.

ಕಟ್ಟಿನ ಭಾಗಗಳು ಒಂದಕ್ಕೊಂದು ಅಂಟಿಕೊಂಡಿರುವುದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಚದುರಿಕೆಯ ಕೋನದಲ್ಲಿ. ಡಿಕ್ಕಿಯಾದ ಎಲೆಕ್ಟ್ರಾನ್ ಎಲ್ಲ ದಿಕ್ಕಿಗೂ ಸಮನಾಗಿ ಚದುರುವುದಿಲ್ಲ. ಶಕ್ತಿ ಹೆಚ್ಚಿದಂತೆ ಅದು ಹೆಚ್ಚಾಗಿ ಮುಂದಕ್ಕೇ ಹೋಗುತ್ತದೆ. ಅಲ್ಪವೇ ತಿರುಗಿ ಮುಂದುವರಿದ ಎಲೆಕ್ಟ್ರಾನ್ ಹಿಂಡಿನ ನಡಿಗೆಗೆ ಅಡ್ಡಿಯನ್ನೇನೂ ಮಾಡುವುದಿಲ್ಲ. ಹಾಗಾಗಿ ಪ್ರತಿ ಡಿಕ್ಕಿಯನ್ನೂ ಅದು ಸಂವೇಗವನ್ನು ಎಷ್ಟು ಕೆಡಿಸಿತು ಎಂಬುದರಿಂದ ತೂಗಿ, ಸಂವೇಗ ವರ್ಗಾವಣೆಯ ಅಡ್ಡಕೊಯ್ತವೆಂಬ ಇನ್ನೊಂದು ಅಳತೆಯನ್ನು ಮಾಡಿಕೊಂಡಿದ್ದಾರೆ. ಹಿಂಡಿನ ಪ್ರಯೋಗಕ್ಕೆ ಕಾಣುವುದು ಬಹುಮಟ್ಟಿಗೆ ಇದೇ. ಎಲ್ಲ ಕಡೆಗೂ ಸಮನಾಗಿ ಚದುರುತ್ತದೆ ಎಂದು ಇಟ್ಟುಕೊಂಡು ಈ ತೂಗಿದ ಅಳತೆಯನ್ನು ಬಳಸಿದರೆ ಕಡಿಮೆ ಶಕ್ತಿಯಲ್ಲಿ ಲೆಕ್ಕ ಸರಿಬರುತ್ತದೆ. ಈಗ ಒಬ್ಬ ಶ್ರದ್ಧಾವಂತ ಸಂಶೋಧಕ ಡಿಕ್ಕಿಗಳನ್ನು ಒಂದೊಂದಾಗಿ ಯಾದೃಚ್ಛಿಕವಾಗಿ ಅನುಕರಿಸುವ ತನ್ನ ಮಾಂಟೆ ಕಾರ್ಲೊ ಕಾರ್ಯಕ್ರಮವನ್ನು ಉತ್ತಮಪಡಿಸಲು ಹೊರಟ ಎನ್ನಿ. ಸಮಚದುರಿಕೆ ನಿಜವಲ್ಲವೆಂದು ತಿಳಿದು, ಮುಂದಕ್ಕೆ ಬಾಗುವ ಹೊಸ ಕೋನಸೂತ್ರವನ್ನು ತಂದು ಸೇರಿಸುತ್ತಾನೆ. ಅಡ್ಡಕೊಯ್ತವನ್ನು ಮಾತ್ರ ಹಳೆಯದನ್ನೇ ಇಟ್ಟುಕೊಳ್ಳುತ್ತಾನೆ, ಏಕೆಂದರೆ ಅದು ಮನ್ನಣೆ ಪಡೆದ ಕಟ್ಟಿನದು. ಮುಂದಕ್ಕೆ ಚದುರುವ ಪರಿಣಾಮ ಆ ಅಡ್ಡಕೊಯ್ತದಲ್ಲಿ ಆಗಲೇ ಕಳೆಯಲಾಗಿದೆ. ಸೂತ್ರ ಅದನ್ನು ಇನ್ನೊಮ್ಮೆ ಕಳೆಯುತ್ತದೆ. ಎರಡು ಭಾಗಗಳೂ ತಮ್ಮಷ್ಟಕ್ಕೆ ಸರಿ, ಕೂಡಿದಾಗ ತಪ್ಪು. ಪುಟಿತದ ಜೊತೆ ಉಳಿದ ಡಿಕ್ಕಿಗಳ ಸಂವೇಗನಷ್ಟವನ್ನೂ ಸೇರಿಸಿ ಕೊಡುವ ಕಟ್ಟುಗಳೂ ಇವೆ. ಅದನ್ನು ಬರೀ ಪುಟಿತವೆಂದು ಓದಿ, ಉಳಿದವನ್ನು ಮತ್ತೆ ಸೇರಿಸಿದರೂ ಇದೇ ಬಗೆಯ ಎರಡೆಣಿಕೆ.

ಬೋಲ್ಟ್ಸ್‌ಮನ್ ಸಮೀಕರಣವನ್ನು ಬಿಡಿಸುವ ಕ್ರಮವೂ ಕಟ್ಟಿನೊಳಗೆ ಸೇರಿಕೊಂಡಿರುತ್ತದೆ. ಬಹುಕಾಲ ರೂಢಿಯಲ್ಲಿರುವುದು ಎರಡು ಪದಗಳ ಸರಳೀಕರಣ: ಎಲೆಕ್ಟ್ರಾನುಗಳ ವೇಗಗಳು ಎಲ್ಲ ದಿಕ್ಕಿಗೂ ಹೆಚ್ಚುಕಡಿಮೆ ಸಮನಾಗಿ ಹಂಚಿವೆ, ಕ್ಷೇತ್ರದ ಕಡೆಗೆ ಸಣ್ಣ ವಾಲಿಕೆಯಷ್ಟೇ ಇದೆ ಎಂಬ ಊಹೆ. ಶಕ್ತಿ ಕಳೆಯುವ ಡಿಕ್ಕಿಗಳು ಪುಟಿತಕ್ಕಿಂತ ತೀರ ಕಡಿಮೆ ಇದ್ದಾಗ ಇದು ಸಲ್ಲುತ್ತದೆ. ಪುಟಿತ ಕಣಿವೆಗೆ ಇಳಿದು, ಅಲ್ಲಿಯೇ ಕಂಪನ ಏಳುವ ಮೀಥೇನಿನಲ್ಲಿ ಈ ಊಹೆ ಕುಸಿಯುತ್ತದೆ. ಸಾರಜನಕದ ವಿಷಯದಲ್ಲಿ ಪಿಚ್‌ಫೋರ್ಡ್ ಮತ್ತು ಫೆಲ್ಪ್ಸ್ 1980ರ ದಶಕದಲ್ಲಿ ಹೆಚ್ಚು ಪದಗಳ ಲೆಕ್ಕವನ್ನು ಎರಡು ಪದಗಳದ್ದರ ಪಕ್ಕದಲ್ಲಿಟ್ಟು ನೋಡಿದರು. ಡ್ರಿಫ್ಟ್ ವೇಗದಲ್ಲಿ ವ್ಯತ್ಯಾಸ ತೀರ ಅಲ್ಪ. ಹೆಚ್ಚಿನ ಶಕ್ತಿ ಬೇಡುವ ಉದ್ರೇಕ ಮತ್ತು ಅಯಾನೀಕರಣದ ದರಗಳಲ್ಲಿ ಅದಕ್ಕಿಂತ ಎಷ್ಟೋ ದೊಡ್ಡದು. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಯಾವ ಅಂಕಿಗೆ ಹೊಂದಿಸಿ ಕಟ್ಟನ್ನು ಸರಿ ಎನ್ನುತ್ತೇವೆಯೋ ಆ ಅಂಕಿಯೇ ಬಾಲದಲ್ಲಿ ನಡೆಯುವುದಕ್ಕೆ ಕುರುಡಾಗಿದೆ. ಎರಡು ಪದಗಳ ಲೆಕ್ಕದಿಂದ ಪಡೆದ ಕಟ್ಟು ಆ ಲೆಕ್ಕದ ದೋಷವನ್ನು ತನ್ನ ಅಡ್ಡಕೊಯ್ತಗಳಲ್ಲಿ ಅರಗಿಸಿಕೊಂಡಿರುತ್ತದೆ. ಅದನ್ನು ಹೆಚ್ಚು ನಿಖರವಾದ ಕ್ರಮಕ್ಕೆ ಒಡ್ಡಿದರೆ ಫಲಿತಾಂಶ ಕೆಡುವ ಸಂಭವವೂ ಉಂಟು.

ಇದಕ್ಕೆ ಬರುವ ಮೊದಲ ಆಕ್ಷೇಪ ಊಹಿಸಿದ್ದೇ. ಹಿಂಡು ಸರಾಸರಿಯನ್ನಷ್ಟೇ ಹೇಳುವುದಾದರೆ ಅದರ ಗೊಡವೆ ಏಕೆ, ಒಂದೇ ಶಕ್ತಿಯ ಎಲೆಕ್ಟ್ರಾನುಗಳ ದೂಲವನ್ನು ಅಣುಗಳ ಮೇಲೆ ಬಿಟ್ಟು ನೇರವಾಗಿ ಅಳೆಯಬಾರದೇ ಎಂಬುದು. ಅಳೆಯಬಹುದು, ಅಳೆದಿದ್ದಾರೆ. ಆದರೆ ದೂಲದ ನೇರತನವೂ ಪೂರ್ತಿ ನೇರವಲ್ಲ. ತೀರ ಮುಂದಕ್ಕೆ ಮತ್ತು ತೀರ ಹಿಂದಕ್ಕೆ ಚದುರಿದ ಎಲೆಕ್ಟ್ರಾನುಗಳನ್ನು ಸಾಮಾನ್ಯ ಉಪಕರಣ ಹಿಡಿಯಲಾರದು, ಆ ಕೋನಗಳಿಗೆ ಗೆರೆಯನ್ನು ಊಹೆಯಿಂದ ಮುಂದುವರಿಸಬೇಕು. ಅಳತೆಯನ್ನು ನಿಜವಾದ ಚದರ ಮೀಟರಿಗೆ ತರಲು ಹಲವು ಸಲ ಬೇರೊಂದು ಅನಿಲದ, ಸಾಮಾನ್ಯವಾಗಿ ಹೀಲಿಯಮ್‌ನ, ಗೊತ್ತಿರುವ ಅಡ್ಡಕೊಯ್ತದ ಆಸರೆ ಬೇಕು. ಅರ್ಧ ಎಲೆಕ್ಟ್ರಾನ್ ವೋಲ್ಟಿಗಿಂತ ಕೆಳಗೆ ದೂಲವನ್ನು ನಿಲ್ಲಿಸಿಕೊಳ್ಳುವುದೇ ಕಷ್ಟ, ಹಿಂಡು ಗಟ್ಟಿಯಾಗಿರುವುದು ಅಲ್ಲಿಯೇ. ಎರಡೂ ಚೆನ್ನಾಗಿ ನಡೆಯುವ ಜಾಗದಲ್ಲಿಯೂ ಎರಡು ಸಾಕ್ಷಿಗಳು ಒಪ್ಪದೆ ಹೋದ ಪ್ರಸಂಗವಿದೆ, ಅದು ಎಲ್ಲ ಅಣುಗಳಲ್ಲಿಯೂ ಸರಳವಾದ ಜಲಜನಕದಲ್ಲಿ. ಜಲಜನಕವನ್ನು ಮೊದಲ ಕಂಪನಕ್ಕೇರಿಸುವ ಅಡ್ಡಕೊಯ್ತವನ್ನು ಕ್ಯಾನ್‌ಬೆರಾದ ಗುಂಪು ಹಿಂಡಿನಿಂದ ಪಡೆದಿತ್ತು. ದೂಲದ ಪ್ರಯೋಗ ಅದಕ್ಕಿಂತ ದೊಡ್ಡ ಬೆಲೆಯನ್ನು ಕೊಟ್ಟಿತು. ಅಮೆರಿಕದ ಓಕ್ಲಹೋಮಾದ ಮಾರಿಸನ್ ಮತ್ತು ಕ್ಯಾನ್‌ಬೆರಾದ ಕ್ರಾಂಪ್ಟನ್ ಸೇರಿದಂತೆ ಸಿದ್ಧಾಂತದ ಮತ್ತು ಹಿಂಡಿನ ಕಡೆಯವರು 1987ರಲ್ಲಿ ಜೊತೆಯಾಗಿ ಕೂತು ಪರಿಶೀಲಿಸಿದಾಗ ಕ್ವಾಂಟಮ್ ಲೆಕ್ಕ ದೂಲದ ಕಡೆ ನಿಂತಿತು. ಮರುವರ್ಷ ಜಲಜನಕಕ್ಕೆ ನಿಯಾನ್ ಬೆರೆಸಿ ಮಾಡಿದ ಹಿಂಡಿನ ಪ್ರಯೋಗ ಹಿಂಡಿನ ಹಳೆಯ ಬೆಲೆಯನ್ನೇ ಎತ್ತಿಹಿಡಿಯಿತು. ವ್ಯತ್ಯಾಸ ಎರಡೂ ಕಡೆಯವರು ಹೇಳಿಕೊಂಡ ದೋಷಮಿತಿಗೆ ಮೀರಿದ್ದು. ಪ್ರಯೋಗದ ಅಂಕಿಗೂ ಅಡ್ಡಕೊಯ್ತಕ್ಕೂ ನಡುವಿನ ಸಾಗಣೆಯ ಸಿದ್ಧಾಂತವನ್ನು ಶೋಧಿಸಿದರೂ ಅಲ್ಲಿ ದೊಡ್ಡ ಬಿರುಕು ಸಿಗಲಿಲ್ಲ. ಒಂದು ಸಾಕ್ಷಿಯನ್ನು ಮೇಲಿನದು, ಇನ್ನೊಂದನ್ನು ಕೆಳಗಿನದು ಎಂದು ಮೊದಲೇ ಗೊತ್ತುಮಾಡಿಕೊಳ್ಳಲು ಬಾರದು ಎಂಬುದಕ್ಕೆ ಈ ವ್ಯಾಜ್ಯ ಉದಾಹರಣೆ.

ಎರಡನೆಯ ಆಕ್ಷೇಪ ಸಿದ್ಧಾಂತಿಗಳದು: ಇಂದಿನ ಕಂಪ್ಯೂಟರುಗಳಿರುವಾಗ ಎಲ್ಲವನ್ನೂ ಶ್ರೋಡಿಂಗರ್ ಸಮೀಕರಣದಿಂದಲೇ ಪಡೆದರಾಯಿತಲ್ಲ. ಪರಮಾಣು ಜಲಜನಕ ಮತ್ತು ಹೀಲಿಯಮ್‌ಗಳ ಮಟ್ಟಿಗೆ ಈ ಮಾತು ಈಡೇರಿದೆ. ಆಸ್ಟ್ರೇಲಿಯಾದಲ್ಲಿ ಬ್ರೇ ಮತ್ತು ಸ್ಟೆಲ್‌ಬೋವಿಕ್ಸ್ 1990ರ ದಶಕದಲ್ಲಿ ಬೆಳೆಸಿದ ವಿಧಾನ ಅಲ್ಲಿ ಬಹಳ ನಂಬಿಕೆಗೆ ಅರ್ಹ, ಈಚೆಗೆ ಅದು ಜಲಜನಕದ ಅಣುವಿಗೂ ವಿಸ್ತರಿಸಿದೆ. ಆದರೆ ಅದಕ್ಕಿಂತ ದೊಡ್ಡ ಅಣುಗಳಲ್ಲಿ, ಹೊರಗಿನಿಂದ ಬಂದ ಎಲೆಕ್ಟ್ರಾನ್ ಅಣುವಿನ ಎಲೆಕ್ಟ್ರಾನುಗಳಲ್ಲಿ ಬೆರೆತು, ಅಣುವಿನ ಬೀಜಗಳು ಕಂಪಿಸುತ್ತಾ, ತಿರುಗುತ್ತಾ, ಕೆಲವೊಮ್ಮೆ ಒಡೆಯುತ್ತಾ ಇರುವಾಗ ಲೆಕ್ಕದ ಗಾತ್ರ ಕೈಮೀರುತ್ತದೆ. ಎರಡು ಮೂರು ಭಾರದ ಪರಮಾಣುಗಳಿರುವ ಅಣುವಿಗೇ ಎಲ್ಲ ಶಕ್ತಿಗಳಲ್ಲಿ, ಎಲ್ಲ ಬಗೆಯ ಡಿಕ್ಕಿಗಳಿಗೆ ಶೇಕಡ ಐದರ ನಿಖರತೆ ಸಿಗುವುದು ಇನ್ನೂ ಸುಲಭವಲ್ಲ. ಸಿದ್ಧಾಂತದ ನಿಜವಾದ ಉಪಕಾರ ಬೇರೆ ಕಡೆ ಇದೆ. ಸಿಲಿಕಾನ್ ಕೊರೆಯುವ ಪ್ಲಾಸ್ಮಾದಲ್ಲಿ ಫ್ಲೋರೋಕಾರ್ಬನ್ ಅನಿಲಗಳು ಒಡೆದು ಹುಟ್ಟುವ ತುಣುಕುಗಳನ್ನು ಬಾಟಲಿಯಲ್ಲಿ ತುಂಬಿಡಲಾಗದು. ಅವುಗಳ ಮೇಲೆ ಹಿಂಡನ್ನು ಬಿಡಲು ಸಾಧ್ಯವೇ ಇಲ್ಲ, ದೂಲ ಬಿಡುವುದೂ ಬಹು ಪ್ರಯಾಸ. ಅಲ್ಲಿ ಸಿದ್ಧಾಂತವೊಂದೇ ದಿಕ್ಕು. ಹಾಗಾದಾಗ ಕಟ್ಟಿನ ಒಂದು ಭಾಗ ಪ್ರಯೋಗದಿಂದ, ಇನ್ನೊಂದು ಲೆಕ್ಕದಿಂದ ಬರುವುದು ಅನಿವಾರ್ಯ. ನಾನು ಬೇಡವೆನ್ನುವುದು ಬೆರಕೆಯನ್ನಲ್ಲ, ಬೆರೆಸಿದ ಮೇಲೆ ಒಟ್ಟು ಕಟ್ಟನ್ನು ಮತ್ತೆ ಹಿಂಡಿನ ಅಂಕಿಗಳೆದುರು ನಿಲ್ಲಿಸದೆ ಬಿಡುವುದನ್ನು.

ಮೂರನೆಯದು ಎಂಜಿನಿಯರನ ಆಕ್ಷೇಪ, ನನಗೆ ಎಲ್ಲಕ್ಕಿಂತ ಭಾರವೆನಿಸುವುದೂ ಇದೇ. ಯಂತ್ರ ಓಡುತ್ತಿದೆ, ಮಾದರಿ ಹೇಳಿದ ಒತ್ತಡದಲ್ಲಿ ವಿದ್ಯುತ್ ವಿಸರ್ಜನೆ ಹೊತ್ತಿಕೊಳ್ಳುತ್ತಿದೆ, ಭಾಗಗಳು ನಿಜವೋ ಸುಳ್ಳೋ ಎಂಬ ತತ್ತ್ವಚಿಂತನೆ ಯಾರಿಗೆ ಬೇಕು? ಕಟ್ಟು ತಯಾರಾದ ಎಲ್ಲೆಯೊಳಗೇ ಇರುವತನಕ ಅವನ ಮಾತು ಸರಿ. ಎಲ್ಲೆ ದಾಟಿದ ಕೂಡಲೆ ಪರಸ್ಪರ ಮುಚ್ಚಿಕೊಂಡಿದ್ದ ದೋಷಗಳು ಬಿಚ್ಚಿಕೊಳ್ಳುತ್ತವೆ. ವಿದ್ಯುತ್ ಉಪಕೇಂದ್ರಗಳ ಉಪಕರಣಗಳಲ್ಲಿ ತುಂಬುವ ಸಲ್ಫರ್ ಹೆಕ್ಸಾಫ್ಲೋರೈಡನ್ನು ನೋಡಿ. ಅದು ನಿಧಾನದ ಎಲೆಕ್ಟ್ರಾನುಗಳನ್ನು ತನಗೇ ಅಂಟಿಸಿಕೊಂಡು ಕಿಡಿ ಹಾರದಂತೆ ತಡೆಯುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಕಾರ್ಬನ್ ಡೈಆಕ್ಸೈಡಿಗಿಂತ 20,000 ಪಟ್ಟಿಗೂ ಹೆಚ್ಚು ಪ್ರಬಲ. ಆದ್ದರಿಂದ ಬದಲಿ ಅನಿಲಗಳ, ಬಹುಮಟ್ಟಿಗೆ ಮಿಶ್ರಣಗಳ, ಹುಡುಕಾಟ ನಡೆದಿದೆ. ಶುದ್ಧ ಅನಿಲದಲ್ಲಿ ಸರಿ ಉತ್ತರ ಕೊಟ್ಟ ಕಟ್ಟು ಮಿಶ್ರಣದಲ್ಲಿಯೂ ಕೊಡಬೇಕಾದರೆ ಅದರ ಭಾಗಗಳು ಬಿಡಿಯಾಗಿಯೂ ನಿಜವಾಗಿರಬೇಕು. ಮಿಶ್ರಣದಲ್ಲಿ ಹಂಚಿಕೆ ಬದಲಾಗುತ್ತದೆ, ಅಂಟಿಕೆಗೂ ಅಯಾನೀಕರಣಕ್ಕೂ ನಡುವಿನ ತೂಕ ಬದಲಾಗುತ್ತದೆ. ಮಿಂಚಿನ ವಿಷಯದಲ್ಲಿ ಲೆಕ್ಕ ಎಲ್ಲೆಯನ್ನು ಇನ್ನೂ ದೂರಕ್ಕೆ ದಾಟುತ್ತದೆ. ಮಿಂಚಿನ ಮೊನೆಯ ತೀವ್ರ ಕ್ಷೇತ್ರದಲ್ಲಿ ಕೆಲವು ಎಲೆಕ್ಟ್ರಾನುಗಳು ಡಿಕ್ಕಿಯಿಂದ ಕಳೆದುಕೊಳ್ಳುವುದಕ್ಕಿಂತ ಹೆಚ್ಚು ಗಳಿಸುತ್ತಾ ಓಟಕೀಳುತ್ತವೆ. ಎಷ್ಟು ಎಲೆಕ್ಟ್ರಾನುಗಳು ಹಾಗೆ ತಪ್ಪಿಸಿಕೊಂಡಾವು ಎಂಬುದು ಅವು ಎಷ್ಟು ಮುಂದಕ್ಕೆ ಚದುರುತ್ತವೆ ಎಂಬುದನ್ನು ಅವಲಂಬಿಸಿದೆ. ಡ್ರಿಫ್ಟ್ ವೇಗಕ್ಕೆ ಬೇಡವಾಗಿದ್ದ ಕೋನ ಅಲ್ಲಿ ಮುಖ್ಯ ಪಾತ್ರಕ್ಕೆ ಬರುತ್ತದೆ.

ಇಷ್ಟು ಹೇಳಿದ ಮೇಲೆ ಅಡ್ಡಕೊಯ್ತಗಳ ಕೋಷ್ಟಕಗಳೇ ನಿಷ್ಪ್ರಯೋಜಕ ಎಂಬ ಅರ್ಥ ಬರಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧಿಕ ವೋಲ್ಟೇಜ್ ಎಂಜಿನಿಯರಿಂಗ್ ವಿಭಾಗದಲ್ಲಿದ್ದು, ಬಳಿಕ ಕೆನಡಾದ ವಿಂಡ್ಸರ್ ವಿಶ್ವವಿದ್ಯಾಲಯಕ್ಕೆ ಹೋದ ಗೋರೂರು ಗೋವಿಂದ ರಾಜು ಅವರು ಚದುರಿಹೋಗಿದ್ದ ಈ ಅಳತೆಗಳನ್ನು ಒಂದೆಡೆ ತಂದು ಎರಡು ದೊಡ್ಡ ಗ್ರಂಥಗಳನ್ನು 2005 ಮತ್ತು 2011ರಲ್ಲಿ ಪ್ರಕಟಿಸಿದರು. ಅಷ್ಟು ಅನಿಲಗಳ ಅಷ್ಟು ಪ್ರಯೋಗಗಳನ್ನು ಒಬ್ಬರೇ ಕೂತು ಒಟ್ಟುಮಾಡುವುದು ಸಣ್ಣ ಕೆಲಸವಲ್ಲ. ಒಂದೇ ಪುಟದಲ್ಲಿ ಹಲವರ ಅಳತೆಗಳನ್ನು ಎದುರುಬದುರಿಟ್ಟಾಗಲೇ ಅವು ಎಲ್ಲಿ ಒಪ್ಪುತ್ತವೆ, ಎಲ್ಲಿ ಜಗಳವಾಡುತ್ತವೆ ಎಂಬುದು ಕಾಣುವುದು. ಇಂದು ಎಲ್‌ಎಕ್ಸ್‌ಕ್ಯಾಟ್ ಎಂಬ ಮುಕ್ತ ಭಂಡಾರದಲ್ಲಿ ಹಲವು ಗುಂಪುಗಳ ಕಟ್ಟುಗಳು ಪಕ್ಕಪಕ್ಕದಲ್ಲಿ ಸಿಗುತ್ತವೆ, ಹಾಗೆಲಾರ್ ಮತ್ತು ಪಿಚ್‌ಫೋರ್ಡ್ 2005ರಲ್ಲಿ ವಿವರಿಸಿದ ಬೋಲ್ಸಿಗ್ ಕಾರ್ಯಕ್ರಮದಿಂದ ಕೆಲವೇ ಕ್ಷಣಗಳಲ್ಲಿ ಬೋಲ್ಟ್ಸ್‌ಮನ್ ಸಮೀಕರಣ ಬಿಡಿಸಬಹುದು. ಸುಲಭವಾಗಿ ಸಿಗುವುದೇ ಹೊಸ ಅಪಾಯ, ಒಂದು ಗುಂಪಿನ ಪುಟಿತವನ್ನೂ ಇನ್ನೊಂದರ ಕಂಪನವನ್ನೂ ಜೋಡಿಸಲು ಎರಡು ಕ್ಲಿಕ್ ಸಾಕು. ಆದ್ದರಿಂದ ಮಾದರಿಯ ಪ್ರಬಂಧವೊಂದು ಬಂದಾಗ ನಾನು ಮೊದಲು ಹುಡುಕುವುದು ಮೂರು ಸಂಗತಿಗಳನ್ನು: ಕಟ್ಟು ಯಾರದು ಮತ್ತು ಯಾವಾಗ ಪಡೆದದ್ದು, ಅದನ್ನು ಕಟ್ಟುವಾಗ ಯಾವ ಲೆಕ್ಕ ಮತ್ತು ಯಾವ ಕೋನಸೂತ್ರ ಬಳಸಿದ್ದರು, ಈಗ ಅದನ್ನು ಬಳಸುವವರು ಅದೇ ಎರಡನ್ನು ಉಳಿಸಿಕೊಂಡಿದ್ದಾರೆಯೇ. ಹಿಂಡಿನ ಪರೀಕ್ಷೆ ಸಾಧ್ಯವಿಲ್ಲದ ತುಣುಕುಗಳಿದ್ದಲ್ಲಿ, ಅವುಗಳ ಅಡ್ಡಕೊಯ್ತವನ್ನು ನಂಬಬಹುದಾದ ಮಿತಿಯೊಳಗೆ ಮೇಲೆ ಕೆಳಗೆ ಸರಿಸಿ ಮಾದರಿಯನ್ನು ಹಲವು ಸಲ ಓಡಿಸಿ, ಉತ್ತರ ಎಷ್ಟು ಹರಡಿಕೊಂಡಿತು ಎಂಬುದನ್ನೂ ಪ್ರಬಂಧದಲ್ಲಿ ಅಚ್ಚು ಮಾಡಬೇಕು. ಆ ಹರಹು ಯಾವ ಅಡ್ಡಕೊಯ್ತದಿಂದ ಹೆಚ್ಚಾಗಿ ಬರುತ್ತಿದೆಯೋ, ಪ್ರಯೋಗಾಲಯದವರು ಮುಂದೆ ಕೈ ಹಾಕಬೇಕಾದ ಅಳತೆ ಅದೇ.